ಹಡಗಿನ ಗ್ರಂಥಾಲಯಕ್ಕೆ ಹೊರಡುವ ಮುನ್ನ

ಪ್ರಶ್ನೆ: ತುಮಕೂರು ವಿಶ್ವವಿದ್ಯಾಲಯದಲ್ಲಿ ಎಂ.ಲಿಬ್.ಐ.ಎಸ್ಸಿ. (ಗ್ರಂಥಾಲಯ ವಿಜ್ಞಾನದ ಸ್ನಾತಕೋತ್ತರ ಪದವಿ) ಮುಗಿಸಿ, ಇಲ್ಲಿನ ಖಾಸಗಿ ಪದವಿ ಕಾಲೇಜೊಂದರಲ್ಲಿ ಆರು ವರ್ಷಗಳಿಂದ ಗ್ರಂಥಪಾಲಕಿಯಾಗಿದ್ದೇನೆ. ವಿದೇಶಿ ವಿದ್ಯಾರ್ಥಿಗಳು ಒಂದಿಡೀ ಸೆಮಿಸ್ಟರನ್ನು ಹಡಗಿನಲ್ಲಿಯೇ ಓದುತ್ತಾ ಹಲವು ದೇಶಗಳನ್ನು ಸುತ್ತುವ ವ್ಯವಸ್ಥೆ ಇದೆಯೆಂದೂ, ಅಂಥ ಹಡಗಿನಲ್ಲಿ ಗ್ರಂಥಪಾಲಕರ ಹುದ್ದೆ ಇರುತ್ತದೆಂದೂ ತಿಳಿಯಿತು. ನಾನು ಸಮುದ್ರವನ್ನು ನೋಡಿರುವುದು ಮಂಗಳೂರಿನಲ್ಲಿ ಮಾತ್ರ. ಈ ಕೆಲಸಕ್ಕೆ ಹೇಗೆ ಸಿದ್ಧಳಾಗಬೇಕು? ನಾವಿಕರ ತರಬೇತಿ ಬೇಕೇ? ಇಂಟರ್ನೆಟ್ ಸರಿಯಾಗಿ ಸಿಗದ ಕಡೆ ಲೈಬ್ರರಿ ನಡೆಸುವುದು ಹೇಗೆ? ಈಗಿನ ಕೆಲಸವನ್ನು ಬಿಡಬೇಕಾಗುತ್ತದೆಯೇ?

ಉತ್ತರ: ನೀವು ಹೇಳುತ್ತಿರುವ ವ್ಯವಸ್ಥೆಗೆ ಸುಮಾರು ನೂರು ವರ್ಷಗಳ ಹಿನ್ನೆಲೆಯಿದೆ. 1926ರಲ್ಲಿ ‘ರಿಂಡಾಮ್’ ಎಂಬ ಹಡಗು ಸುಮಾರು ಐನೂರು ವಿದ್ಯಾರ್ಥಿಗಳನ್ನು ಹತ್ತಿಸಿಕೊಂಡು ಅಮೆರಿಕದಿಂದ ಜಗತ್ತು ಸುತ್ತಲು ಹೊರಟಿತ್ತು. ಇಂದು ‘ಸೆಮಿಸ್ಟರ್ ಅಟ್ ಸೀ’ ಎಂದು ಹೆಸರಾಗಿರುವ ಕಾರ್ಯಕ್ರಮವು 1963ರಲ್ಲಿ ಆರಂಭವಾದ ‘ಯೂನಿವರ್ಸಿಟಿ ಆಫ್ ದಿ ಸೆವೆನ್ ಸೀಸ್’ನಿಂದ ಬೆಳೆದು ಬಂದದ್ದು. ಅದರ ಶೈಕ್ಷಣಿಕ ಹೊಣೆಯನ್ನು ಬೇರೆ ಬೇರೆ ಕಾಲದಲ್ಲಿ ಪಿಟ್ಸ್‌ಬರ್ಗ್, ವರ್ಜೀನಿಯಾ ಮುಂತಾದ ವಿಶ್ವವಿದ್ಯಾಲಯಗಳು ಹೊತ್ತಿದ್ದು, 2016ರಲ್ಲಿ ಅದು ಕೊಲರಾಡೊ ಸ್ಟೇಟ್ ವಿಶ್ವವಿದ್ಯಾಲಯಕ್ಕೆ ಬಂದಿತು. 2015ರಿಂದ ಅದು ಬಳಸುತ್ತಿರುವ ‘ವರ್ಲ್ಡ್ ಒಡಿಸ್ಸಿ’ ಹಡಗು 1998ರಲ್ಲಿ ಜರ್ಮನಿಯಲ್ಲಿ ಕಟ್ಟಿದ್ದು, ಸುಮಾರು 175 ಮೀಟರ್ ಉದ್ದವಿದೆ. ಒಂದು ಸೆಮಿಸ್ಟರಿನ ಯಾನ ನೂರು ದಿನಗಳ ಆಸುಪಾಸಿನದು, ದಾರಿಯಲ್ಲಿ ಹತ್ತರಷ್ಟು ದೇಶಗಳು ಬರುತ್ತವೆ, ನಮ್ಮ ಚೆನ್ನೈ ಮತ್ತು ಕೊಚ್ಚಿ ಬಂದರುಗಳಿಗೂ ಈ ವಿದ್ಯಾರ್ಥಿಗಳು ಬಂದಿದ್ದಾರೆ. ಹಡಗು ಸಮುದ್ರದಲ್ಲಿರುವ ದಿನಗಳಲ್ಲಿ ಭಾನುವಾರವೆನ್ನದೆ ತರಗತಿಗಳು ನಡೆಯುತ್ತವೆ, ಬಂದರಿನಲ್ಲಿರುವ ದಿನಗಳಲ್ಲಿ ತರಗತಿಗಳಿಲ್ಲ. ನಿಮ್ಮ ಕೆಲಸದ ಲಯವೂ ಇದೇ ಎಂದು ತಿಳಿಯಿರಿ.

ತಯಾರಿಯ ವಿಷಯಕ್ಕೆ ಬಂದರೆ, ಹಡಗಿನ ಕೆಲಸವೆಂದ ಕೂಡಲೇ ಎಲ್ಲರ ಮನಸ್ಸೂ ಪಾಸ್‌ಪೋರ್ಟ್, ವೀಸಾ, ವಾಕರಿಕೆಗಳ ಕಡೆಗೆ ಹೋಗುತ್ತದೆ. ಅವುಗಳನ್ನು ಮುಂದೆ ಹೇಳುತ್ತೇನೆ. ಅದಕ್ಕಿಂತ ಮುಖ್ಯವಾದದ್ದು ಒಂದಿದೆ. ನಾವು ನೆಲದ ಮೇಲಿನ ಗ್ರಂಥಪಾಲಕರು ದಿನಕ್ಕೆ ಹಲವು ಬಾರಿ ಆಡುವ ಒಂದು ಮಾತು, ‘ಸದ್ಯಕ್ಕಿಲ್ಲ, ತರಿಸಿಕೊಡುತ್ತೇನೆ’ ಎಂಬುದು. ಬೆಂಗಳೂರು ಎಪ್ಪತ್ತು ಕಿಲೋಮೀಟರ್ ದೂರದಲ್ಲಿದ್ದು, ಅಂಗಡಿಯವರಿಗೆ ಫೋನ್ ಮಾಡಿದರೆ ನಾಳೆಯೋ ನಾಡಿದ್ದೋ ಪುಸ್ತಕ ಬಸ್ಸಿನಲ್ಲಿ ಬಂದಿಳಿಯುವ ಊರಿನಲ್ಲಿ ಆ ಮಾತಿಗೆ ಬೆಲೆಯಿದೆ. ನಡುಸಮುದ್ರದಲ್ಲಿ ಆ ಮಾತಿಗೆ ಅರ್ಥವೇ ಇಲ್ಲ. ಹಡಗು ಬಂದರು ಬಿಟ್ಟ ಮೇಲೆ ಕಪಾಟಿನಲ್ಲಿರುವುದು, ಸರ್ವರಿನಲ್ಲಿ ಮೊದಲೇ ಇಳಿಸಿಟ್ಟಿರುವುದು ಮತ್ತು ಹಡಗಿನಲ್ಲಿರುವ ಜನರಿಗೆ ಗೊತ್ತಿರುವುದು, ಇಷ್ಟೇ ನಿಮ್ಮ ಸಂಗ್ರಹ. ಚಿಕ್ಕ ಸಂಗ್ರಹದಿಂದ ದೊಡ್ಡ ಪ್ರಶ್ನೆಗೆ ಉತ್ತರ ಹೊರಡಿಸುವ ಕಲೆಯೇ ಈ ಹುದ್ದೆಯ ತಿರುಳು. ಅದನ್ನು ಕಲಿಯಲು ಸಮುದ್ರದ ಅಗತ್ಯವಿಲ್ಲ, ನಿಮ್ಮ ಕಾಲೇಜಿನ ಲೈಬ್ರರಿ ಸಾಕು.

ಗ್ರಂಥಾಲಯ ವಿಜ್ಞಾನ ಓದಿದವರೆಲ್ಲರಿಗೂ ಡಾ. ಎಸ್.ಆರ್. ರಂಗನಾಥನ್ ಅವರ ಐದು ಸೂತ್ರಗಳು ಕಂಠಪಾಠ. 1962ರಲ್ಲಿ ಬೆಂಗಳೂರಿನಲ್ಲಿ ಡಿ.ಆರ್.ಟಿ.ಸಿ. (ದಾಖಲೀಕರಣ ಸಂಶೋಧನೆ ಮತ್ತು ತರಬೇತಿ ಕೇಂದ್ರ) ಸ್ಥಾಪಿಸಿದ ಅವರು ನಮಗೆ ಹತ್ತಿರದವರೂ ಹೌದು. ಆದರೆ 1925ರಲ್ಲಿ ಇಂಗ್ಲೆಂಡಿನಿಂದ ಮದರಾಸಿಗೆ ಮರಳುವಾಗ ಅವರು ಪುಸ್ತಕಗಳನ್ನು ವಿಷಯವಾರು ವಿಂಗಡಿಸಲು ತಾವು ಆಗಷ್ಟೇ ರೂಪಿಸುತ್ತಿದ್ದ ವರ್ಗೀಕರಣ ಕ್ರಮವನ್ನು ತಮ್ಮನ್ನು ಹೊತ್ತು ತರುತ್ತಿದ್ದ ಹಡಗಿನ ಲೈಬ್ರರಿಯ ಪುಸ್ತಕಗಳ ಮೇಲೆ ಪ್ರಯೋಗಿಸಿ, ಅವುಗಳನ್ನು ಮರುಜೋಡಿಸಿದ್ದರೆಂಬುದು ಅಷ್ಟಾಗಿ ನೆನಪಿನಲ್ಲಿ ಉಳಿದಿಲ್ಲ. ಮುಂದೆ 1933ರಲ್ಲಿ ಪ್ರಕಟವಾದ ಕೋಲನ್ ವರ್ಗೀಕರಣಕ್ಕೆ ಆ ಪುಟ್ಟ ಸಂಗ್ರಹ ಒಂದು ಪ್ರಯೋಗಶಾಲೆಯಾಗಿತ್ತು. ಹಡಗಿನ ಲೈಬ್ರರಿಯೆಂದರೆ ಪ್ರಯಾಣಿಕರ ಕಾಲಹರಣಕ್ಕಿರುವ ನಾಲ್ಕು ಕಾದಂಬರಿಗಳ ಕಪಾಟು ಎಂದು ಯಾರಾದರೂ ನಿಮಗೆ ಹೇಳಿದರೆ ಈ ಪ್ರಸಂಗವನ್ನು ಅವರಿಗೆ ತಿಳಿಸಿ.

ಈಗ ನೀವು ಮಾಡಬೇಕಾದ ಅಭ್ಯಾಸವನ್ನು ಹೇಳುತ್ತೇನೆ. ನಿಮ್ಮ ಕಾಲೇಜಿನ ಸಂಗ್ರಹದಿಂದ ಐನೂರು ಪುಸ್ತಕಗಳನ್ನು ಮಾತ್ರ ಆರಿಸಿಕೊಳ್ಳಿ. ಪಠ್ಯಪುಸ್ತಕಗಳನ್ನು ಬಿಟ್ಟು ವಿಶ್ವಕೋಶ, ಅಟ್ಲಾಸ್, ಚರಿತ್ರೆ, ಭೂಗೋಳ, ಧರ್ಮ, ಅರ್ಥಶಾಸ್ತ್ರ, ಪರಿಸರ, ಪ್ರವಾಸಕಥನ, ಅನುವಾದಿತ ಸಾಹಿತ್ಯ ಇವೆಲ್ಲವೂ ಅದರಲ್ಲಿರಲಿ. ಒಂದು ವಾರ ಕಾಲ ವಿದ್ಯಾರ್ಥಿಗಳು ಕೇಳುವ ಪ್ರತಿಯೊಂದು ಪ್ರಶ್ನೆಗೂ ಇಂಟರ್ನೆಟ್ ಮುಟ್ಟದೆ ಆ ಐನೂರರಿಂದಲೇ ಉತ್ತರ ಹುಡುಕಿ. ಪ್ರಶ್ನೆ, ನೀವು ತೆರೆದ ಪುಸ್ತಕಗಳು, ಸಿಕ್ಕಿದ್ದು, ಸಿಗದೇ ಹೋದದ್ದು, ಸಿಗದಿದ್ದರೆ ಯಾವ ಒಂದು ಪುಸ್ತಕವಿದ್ದಿದ್ದರೆ ಸಿಗುತ್ತಿತ್ತು, ಇಷ್ಟನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆಯಿರಿ. ವಾರದ ಕೊನೆಗೆ ಕೆಲಸಕ್ಕೆ ಬಾರದ ಪುಸ್ತಕಗಳನ್ನು ತೆಗೆದು, ಬೇಕಾಗಿದ್ದವನ್ನು ಸೇರಿಸಿ, ಮತ್ತೆ ಆರಂಭಿಸಿ. ಎರಡು ಮೂರು ತಿಂಗಳು ಇದನ್ನು ನಿಷ್ಠೆಯಿಂದ ಮಾಡಿದರೆ ಒಳ್ಳೆಯ ವಿಷಯಸೂಚಿಯಿರುವ ಒಂದು ಪುಸ್ತಕ ವಿಷಯಸೂಚಿಯಿಲ್ಲದ ಹತ್ತಕ್ಕೆ ಸಮ ಎಂಬುದು ನಿಮ್ಮ ಕೈಗೇ ತಿಳಿಯುತ್ತದೆ. ಅರ್ಜಿಯಲ್ಲಿ ಬರೆಯಲು ಇದಕ್ಕಿಂತ ಗಟ್ಟಿಯಾದ ಅನುಭವ ಬೇರೆ ಬೇಕಿಲ್ಲ.

ಪ್ರಶ್ನೆಗಳು ಯಾವ ಬಗೆಯವಾಗಿರುತ್ತವೆ ಎಂಬುದಕ್ಕೆ ಒಂದು ಉದಾಹರಣೆ ನೋಡೋಣ. ಹಡಗು ಘಾನಾ ದೇಶದ ತೆಮಾ ಅಥವಾ ಟಾಕೊರಾಡಿ ಬಂದರಿಗೆ ಹೋಗುತ್ತಿದೆ ಎಂದುಕೊಳ್ಳಿ. ಅಲ್ಲಿಗೆ ಹೋದ ವಿದ್ಯಾರ್ಥಿಗಳು ಪೋರ್ಚುಗೀಸರು 1482ರಲ್ಲಿ ಕಟ್ಟಿದ ಎಲ್ಮಿನಾ ಕೋಟೆಯನ್ನೂ ಹತ್ತಿರದ ಕೇಪ್ ಕೋಸ್ಟ್ ಕೋಟೆಯನ್ನೂ ನೋಡುವುದು ಸಾಮಾನ್ಯ. ಗುಲಾಮರ ವ್ಯಾಪಾರದ ಕರಾಳ ಕುರುಹುಗಳಾದ ಆ ನೆಲಮಾಳಿಗೆಗಳ ಬಗ್ಗೆ ಪಠ್ಯದಲ್ಲಿ ಓದಿಕೊಂಡಿರುವ ಹುಡುಗಿಯೊಬ್ಬಳು ಬಂದರಿಗೆ ಎರಡು ದಿನ ಇರುವಾಗ ನಿಮ್ಮ ಮೇಜಿನ ಮುಂದೆ ನಿಂತು, ‘ಈ ಜನರನ್ನು ಕೋಟೆಯವರೆಗೆ ತಂದವರು ಯಾರು? ಎಲ್ಲಿಂದ ತಂದರು?’ ಎಂದು ಕೇಳುತ್ತಾಳೆ. ‘ಗುಲಾಮಗಿರಿ’ ಎಂಬ ಪದ ಹಾಕಿ ಲೈಬ್ರರಿಯ ಪುಸ್ತಕಸೂಚಿಯಲ್ಲಿ ಹುಡುಕಿದರೆ ಸಿಗುವುದೆಲ್ಲ ಅಟ್ಲಾಂಟಿಕ್ ಸಾಗರದ ಆಚೆಯ ಕಥೆ. ಇಲ್ಲಿ ಗ್ರಂಥಪಾಲಕಿ ಮೊದಲು ಅಟ್ಲಾಸ್ ತೆರೆದು ಕರಾವಳಿಯಿಂದ ಉತ್ತರಕ್ಕೆ ಬೆರಳು ಸರಿಸಬೇಕು. ಉತ್ತರದ ಸಲಾಗಾ ಪೇಟೆ, ಸೆರೆಯಾಳುಗಳನ್ನು ಕರಾವಳಿಗೆ ಒಯ್ಯುವ ಮುನ್ನ ಕೊನೆಯದಾಗಿ ಮೀಯಿಸುತ್ತಿದ್ದ ಅಸಿನ್ ಮಾನ್ಸೊ ಹೊಳೆ, ನಡುವಿನ ಅಸಾಂಟೆ ರಾಜ್ಯ, ಈ ಹೆಸರುಗಳನ್ನು ಹಿಡಿದು ಪಶ್ಚಿಮ ಆಫ್ರಿಕದ ಸಾಮಾನ್ಯ ಚರಿತ್ರೆಯ ವಿಷಯಸೂಚಿಗೆ ಹೋಗಬೇಕು. ಅದರಿಂದ ವ್ಯಾಪಾರಮಾರ್ಗಗಳ ಅಧ್ಯಾಯಕ್ಕೆ, ಅದರಿಂದ ಹಡಗಿನಲ್ಲೇ ಇರುವ ಚರಿತ್ರೆಯ ಪ್ರಾಧ್ಯಾಪಕರ ಬಳಿಗೆ ಅವಳನ್ನು ಕರೆದೊಯ್ಯಬೇಕು. ಬಂದರಿಗೆ ಮುಂಚಿನ ದಿನಗಳಲ್ಲಿ ಆ ದೇಶದ ಅತಿಥಿ ಉಪನ್ಯಾಸಕರನ್ನು ಹಡಗಿಗೆ ಹತ್ತಿಸಿಕೊಳ್ಳುವ ಪದ್ಧತಿಯೂ ಈ ಯಾನಗಳಲ್ಲಿ ಬೆಳೆದು ಬಂದಿದೆ. ಅಂಥವರು ಬಂದ ದಿನವೇ ಪರಿಚಯ ಮಾಡಿಕೊಂಡು, ಯಾವ ವಿಷಯಕ್ಕೆ ಯಾರನ್ನು ಕೇಳಬಹುದೆಂದು ನಿಮ್ಮ ಸೂಚಿಯಲ್ಲಿ ಗುರುತು ಹಾಕಿಕೊಳ್ಳಿ.

ಈ ಉದಾಹರಣೆಯಲ್ಲಿ ವರ್ಗಸಂಖ್ಯೆಯ, ಅಂದರೆ ವಿಷಯಕ್ಕೆ ತಕ್ಕಂತೆ ಪುಸ್ತಕಕ್ಕೆ ಕೊಡುವ ಸಂಖ್ಯೆಯ ಮಾತೂ ಅಡಗಿದೆ. ನಮ್ಮ ಕಾಲೇಜುಗಳಲ್ಲಿ ಡ್ಯೂಯಿ ದಶಮಾಂಶ ಪದ್ಧತಿ ರೂಢಿಯಲ್ಲಿದ್ದು, ಘಾನಾ ಚರಿತ್ರೆಗೆ ನಿಮ್ಮ ಕೈ ತಾನಾಗಿ 966.7ರ ಕಡೆ ಹೋಗುತ್ತದೆ. ಅಮೆರಿಕದ ವಿಶ್ವವಿದ್ಯಾಲಯಗಳಲ್ಲಿ ಹೆಚ್ಚಾಗಿರುವುದು ಲೈಬ್ರರಿ ಆಫ್ ಕಾಂಗ್ರೆಸ್ ವರ್ಗೀಕರಣ, ಅದರಲ್ಲಿ ಅದೇ ಪುಸ್ತಕ ಡಿಟಿ 510ರ ಆಸುಪಾಸಿನಲ್ಲಿರುತ್ತದೆ. ಎಂ.ಲಿಬ್.ನಲ್ಲಿ ಓದಿ ಮರೆತಿದ್ದರೆ ಆಫ್ರಿಕ, ಏಷ್ಯ, ಯೂರೋಪು ಮತ್ತು ಸಾಗರ ವಿಜ್ಞಾನದ ವರ್ಗಗಳನ್ನಾದರೂ ಮತ್ತೊಮ್ಮೆ ಕೈಗೆತ್ತಿಕೊಳ್ಳಿ.

ಇಂಟರ್ನೆಟ್ಟಿನ ಪ್ರಶ್ನೆ ಸ್ವಲ್ಪ ವಿವರ ಬೇಡುತ್ತದೆ. ಬಹುಕಾಲ ಹಡಗುಗಳಿಗೆ ಸಂಪರ್ಕ ಕೊಡುತ್ತಿದ್ದದ್ದು ಭೂಮಿಯಿಂದ ಸುಮಾರು 35,786 ಕಿಲೋಮೀಟರ್ ಎತ್ತರದಲ್ಲಿ ನಿಂತಂತಿರುವ ಉಪಗ್ರಹಗಳು. ಸಂಕೇತ ಅಷ್ಟು ದೂರ ಹೋಗಿ ಬರಬೇಕಾದ್ದರಿಂದ ಪ್ರತಿ ಕ್ಲಿಕ್ಕಿಗೂ ಅರ್ಧ ಸೆಕೆಂಡಿನಷ್ಟು ತಡ, ಅದರ ಮೇಲೆ ನೂರಾರು ಜನರಿಗೆ ಹಂಚಿಕೆ. ಈಗ ಸುಮಾರು 550 ಕಿಲೋಮೀಟರ್ ಎತ್ತರದಲ್ಲಿ ಸುತ್ತುವ ಸ್ಟಾರ್‌ಲಿಂಕ್ ಉಪಗ್ರಹಗಳ ಸೇವೆ ಅನೇಕ ಪ್ರಯಾಣಿಕ ಹಡಗುಗಳಿಗೆ ಬಂದಿರುವುದರಿಂದ ಪರಿಸ್ಥಿತಿ ಬಹಳ ಸುಧಾರಿಸಿದೆ. ಆದರೂ ಅನುಮತಿ ನೀಡದ ದೇಶಗಳ ಕರಾವಳಿಯಲ್ಲಿ ಅದನ್ನು ನಿಲ್ಲಿಸಬೇಕಾಗುತ್ತದೆ, ಬಿರುಮಳೆಯಲ್ಲಿ ಸಂಪರ್ಕ ಕುಗ್ಗುತ್ತದೆ, ವಿಡಿಯೊ ನೋಡುವವರು ಹೆಚ್ಚಾದರೆ ಸಂಶೋಧನಾ ಲೇಖನ ಹುಡುಕುವವರು ಕಾಯಬೇಕಾಗುತ್ತದೆ. ಆದ್ದರಿಂದ ಸಂಪರ್ಕ ಇಲ್ಲವೆಂದೇ ಯೋಜಿಸಿ, ಇದ್ದ ದಿನ ಅದನ್ನು ಹೆಚ್ಚುವರಿ ಸೌಲಭ್ಯವೆಂದು ಬಳಸಿ ಎಂಬುದು ನನ್ನ ಖಚಿತ ಸಲಹೆ.

ಹಾಗೆ ಯೋಜಿಸಲು ಕೆಲವು ಸಾಧನಗಳನ್ನು ಇಲ್ಲಿಯೇ ಪಳಗಿಸಿಕೊಳ್ಳಬಹುದು. ನ್ಯೂಜಿಲೆಂಡಿನ ಗ್ರಾಮಾಂತರ ಗ್ರಂಥಾಲಯವೊಂದಕ್ಕಾಗಿ ಹುಟ್ಟಿ 2000ದಲ್ಲಿ ಬಳಕೆಗೆ ಬಂದ ‘ಕೊಹಾ’ ಎಂಬ ಗ್ರಂಥಾಲಯ ನಿರ್ವಹಣಾ ತಂತ್ರಾಂಶವನ್ನು ಹೊರಗಿನ ಸಂಪರ್ಕವೇ ಇಲ್ಲದ ಒಂದು ಹಳೆಯ ಕಂಪ್ಯೂಟರಿನಲ್ಲಿ ಹಾಕಿ, ಆರೆಂಟು ಯಂತ್ರಗಳಿಗೆ ಒಳಜಾಲದ ಮೂಲಕ ಸೂಚಿ ಒದಗಿಸುವುದನ್ನು ಕಲಿಯಿರಿ. ಇಡೀ ವಿಕಿಪೀಡಿಯವನ್ನು ಇಂಟರ್ನೆಟ್ ಇಲ್ಲದೆ ಓದಲು ‘ಕಿವಿಕ್ಸ್’ ಎಂಬ ಉಚಿತ ತಂತ್ರಾಂಶವಿದೆ. ಚಿತ್ರಗಳ ಸಮೇತ ಇಂಗ್ಲಿಷ್ ವಿಕಿಪೀಡಿಯದ ಕಡತ ನೂರು ಜಿಬಿ ಮೀರುವುದರಿಂದ ಅದನ್ನು ಹೊರಡುವ ಮೊದಲೇ ಇಳಿಸಿಕೊಳ್ಳಬೇಕು. ಪರವಾನಗಿ ಪಡೆದ ದತ್ತಸಂಚಯಗಳ (ಡೇಟಾಬೇಸ್) ವಿಚಾರದಲ್ಲಿ ಎಚ್ಚರಿಕೆ ಬೇಕು: ರಾಶಿ ರಾಶಿಯಾಗಿ ಲೇಖನಗಳನ್ನು ಇಳಿಸಿಕೊಳ್ಳುವುದನ್ನು ಪ್ರಕಾಶಕರ ಒಪ್ಪಂದಗಳು ಸಾಮಾನ್ಯವಾಗಿ ನಿಷೇಧಿಸುತ್ತವೆ, ಹಾಗೆ ಮಾಡಿದರೆ ಇಡೀ ವಿಶ್ವವಿದ್ಯಾಲಯದ ಪ್ರವೇಶವೇ ಸ್ಥಗಿತಗೊಳ್ಳಬಹುದು. ಸರಿಯಾದ ದಾರಿಯೆಂದರೆ ಪ್ರತಿ ಪ್ರಾಧ್ಯಾಪಕರಿಂದಲೂ ಹೊರಡುವುದಕ್ಕೆ ತಿಂಗಳುಗಳ ಮೊದಲೇ ಕಡ್ಡಾಯ ಓದಿನ ಪಟ್ಟಿ ತರಿಸಿಕೊಂಡು, ಹಕ್ಕುಸ್ವಾಮ್ಯದ ಅನುಮತಿಯೊಂದಿಗೆ ಅಷ್ಟನ್ನು ಮಾತ್ರ ಹಡಗಿನ ಸರ್ವರ್ ಕಂಪ್ಯೂಟರಿಗೆ ಸೇರಿಸುವುದು. ಇ-ಪುಸ್ತಕಗಳಲ್ಲಿ ಕೆಲವು ಮೊದಲ ಸಲ ತೆರೆಯುವಾಗ ಆನ್‌ಲೈನ್ ದೃಢೀಕರಣ ಕೇಳುತ್ತವೆ, ಕೆಲವು ನಿಗದಿತ ದಿನಗಳ ನಂತರ ತಾವಾಗಿ ಮುಚ್ಚಿಕೊಳ್ಳುತ್ತವೆ. ಒಂದೊಂದನ್ನೂ ಬಂದರಿನಲ್ಲಿರುವಾಗಲೇ ತೆರೆದು ಪರೀಕ್ಷಿಸಬೇಕು. ಇಷ್ಟೆಲ್ಲ ಮಾಡಿದ ಮೇಲೂ ಕಪಾಟಿನ ಕ್ರಮದ ಪುಸ್ತಕಪಟ್ಟಿಯೊಂದನ್ನು ಕಾಗದದ ಮೇಲೆ ಮುದ್ರಿಸಿ ಮೇಜಿನ ಖಾನೆಯಲ್ಲಿಟ್ಟುಕೊಳ್ಳಿ.

ಸಂಗ್ರಹವನ್ನು ಬಂದರುಗಳ ಪಟ್ಟಿ ನೋಡಿಕೊಂಡು ಕಟ್ಟುವುದು ಸಹಜ. ಆದರೆ ಪಟ್ಟಿಯೇ ಬದಲಾಗಬಹುದು. 2020ರ ಆರಂಭದಲ್ಲಿ ಕೊರೊನಾ ಹರಡಿದಾಗ ಈ ಯಾನದಲ್ಲಿ ಚೀನಾದ ನಿಲುಗಡೆ ರದ್ದಾಗಿತ್ತು, ಕೊನೆಗೆ ಯಾನವೇ ಅವಧಿಗೆ ಮುನ್ನ ಮುಗಿಯಿತು. ಆದ್ದರಿಂದ ಒಂದೊಂದು ದೇಶಕ್ಕೂ ಪ್ರತ್ಯೇಕ ಪುಸ್ತಕ ತುಂಬುವುದಕ್ಕಿಂತ ಹಿಂದೂ ಮಹಾಸಾಗರದ ವ್ಯಾಪಾರ, ವಸಾಹತುಶಾಹಿ, ವಲಸೆ, ಹವಾಮಾನ, ಮೀನುಗಾರಿಕೆ ಇಂಥ ಹಲವು ದೇಶಗಳನ್ನು ಹಾಯುವ ಪುಸ್ತಕಗಳಿಗೆ ಹೆಚ್ಚಿನ ಜಾಗ ಕೊಡುವುದು ಜಾಣತನ.

ಪುಸ್ತಕಗಳ ಪಾಲನೆಯಲ್ಲಿ ನೆಲಕ್ಕೂ ನೀರಿಗೂ ದೊಡ್ಡ ವ್ಯತ್ಯಾಸವಿದೆ. ಹಡಗು ಹಿಂದುಮುಂದಾಗಿ ತೂಗುವುದಕ್ಕಿಂತ ಹೆಚ್ಚಾಗಿ ಎಡಕ್ಕೂ ಬಲಕ್ಕೂ ಹೊರಳುತ್ತದೆ. ಕಪಾಟಿನ ಮುಖ ಹಡಗಿನ ಪಕ್ಕಗಳ ಕಡೆಗಿದ್ದರೆ ಹೊರಳಿದಾಗ ಪುಸ್ತಕಗಳು ಹೊರಗೆ ಹಾರುತ್ತವೆ. ಮುಖ ಮುಂಭಾಗದ ಅಥವಾ ಹಿಂಭಾಗದ ಕಡೆಗಿದ್ದರೆ ಅವು ಸಾಲಿನಲ್ಲೇ ಅತ್ತಿತ್ತ ಸರಿಯುತ್ತವೆಯಷ್ಟೆ. ಸೇರಿದ ಮೊದಲ ದಿನವೇ ಇದನ್ನು ಗಮನಿಸಿ, ಭಾರವಾದ ಸಂಪುಟಗಳನ್ನು ಕೆಳಗಿಳಿಸಿ, ಪ್ರತಿ ಸಾಲಿನ ಮುಂದೆ ಅಡ್ಡಪಟ್ಟಿ ಇದೆಯೇ ಎಂದು ನೋಡಿ, ಟ್ರಾಲಿಯ ಗಾಲಿಗಳನ್ನು ಬಳಸದಾಗ ಬಂಧಿಸಿಡಿ. ಇನ್ನೊಂದು ಶತ್ರು ತೇವ. ತುಮಕೂರಿನ ಒಣಹವೆಯಲ್ಲಿ ನಮ್ಮ ಚಿಂತೆ ಧೂಳು ಮತ್ತು ಗೆದ್ದಲಿನದು. ಸಮುದ್ರದ ಮೇಲೆ ಗಾಳಿಯ ಸಾಪೇಕ್ಷ ಆರ್ದ್ರತೆ ಶೇಕಡ 65 ದಾಟಿದ ಸ್ಥಿತಿ ಹಾಗೆಯೇ ಉಳಿದರೆ ಬೂಷ್ಟು ಏಳುತ್ತದೆ. ಒಂದು ಸಣ್ಣ ಆರ್ದ್ರತಾಮಾಪಕ, ಪಿವಿಎ ಅಂಟು, ತೆಳುವಾದ ಜಪಾನೀ ಕಾಗದ, ಕಾಗದವನ್ನು ಮಡಿಸಿ ಒತ್ತಲು ಬಳಸುವ ಮೂಳೆಪಟ್ಟಿ ನಿಮ್ಮ ಪೆಟ್ಟಿಗೆಯಲ್ಲಿರಲಿ. ಹರಿದ ಪುಟಕ್ಕೆ ಸೆಲ್ಲೊಟೇಪ್ ಹಚ್ಚುವ ಅಭ್ಯಾಸವನ್ನು ಇಂದೇ ಬಿಟ್ಟುಬಿಡಿ.

ಪುಸ್ತಕ ಹಿಂದಿರುಗಿಸುವ ದಿನಾಂಕದಂಥ ಸಾಮಾನ್ಯ ಸಂಗತಿಯೂ ಅಲ್ಲಿ ಬದಲಾಗುತ್ತದೆ. ಹಡಗು ಪೂರ್ವಕ್ಕೋ ಪಶ್ಚಿಮಕ್ಕೋ ಸಾಗಿದಂತೆ ಗಡಿಯಾರವನ್ನು ಮತ್ತೆ ಮತ್ತೆ ಒಂದು ಗಂಟೆ ತಿದ್ದಬೇಕಾಗುತ್ತದೆ. ಅಂತರರಾಷ್ಟ್ರೀಯ ದಿನರೇಖೆ ದಾಟಿದರೆ ಒಂದು ತಾರೀಖು ಇಲ್ಲವಾಗುತ್ತದೆ ಅಥವಾ ಎರಡು ಬಾರಿ ಬರುತ್ತದೆ. ಆದ್ದರಿಂದ ‘ಇಷ್ಟನೆಯ ತಾರೀಖು’ ಎನ್ನುವ ಬದಲು ‘ಮುಂದಿನ ಬಂದರಿನ ಹಿಂದಿನ ರಾತ್ರಿ’ ಎಂದು ಗಡುವು ಕೊಡುವುದು ಎಲ್ಲರಿಗೂ ಅರ್ಥವಾಗುವ ಕ್ರಮ. ಕೊನೆಯ ಬಂದರಿಗೆ ನಾಲ್ಕೈದು ದಿನ ಮೊದಲೇ ಎಲ್ಲವೂ ವಾಪಸು ಬರಬೇಕು, ಏಕೆಂದರೆ ಅಲ್ಲಿ ಇಳಿದುಹೋದವರ ಬೆನ್ನುಹತ್ತಲು ಸಾಧ್ಯವಿಲ್ಲ.

ಜನರೊಡನೆ ಬದುಕುವ ರೀತಿಗೂ ಸಿದ್ಧತೆ ಬೇಕು. ಸಿದ್ಧಗಂಗೆಯ ವಿದ್ಯಾರ್ಥಿನಿಲಯವನ್ನು ಕಂಡವರಿಗೆ ಹಡಗಿನ ಬದುಕು ಬೇಗ ಅರ್ಥವಾಗುತ್ತದೆ: ಓದು, ಊಟ, ನಿದ್ದೆ ಎಲ್ಲವೂ ಒಂದೇ ಆವರಣದಲ್ಲಿ, ಗುರುಶಿಷ್ಯರೆಲ್ಲರ ಕಣ್ಣೆದುರಿನಲ್ಲಿ. ಸಂಜೆ ಐದಕ್ಕೆ ಬೀಗ ಹಾಕಿ ಮನೆಗೆ ಹೋಗುವ ಅವಕಾಶವಿಲ್ಲ, ಊಟದ ಸಾಲಿನಲ್ಲಿ ನಿಂತಾಗಲೂ ಯಾರಾದರೂ ಪ್ರಬಂಧದ ಉಲ್ಲೇಖ ಕ್ರಮದ ಬಗ್ಗೆ ಕೇಳುತ್ತಾರೆ. ಅಷ್ಟು ಹತ್ತಿರದ ಬದುಕಿನಲ್ಲಿ ಒಬ್ಬ ವಿದ್ಯಾರ್ಥಿ ಖಿನ್ನತೆಯ ಬಗ್ಗೆಯೋ ತನ್ನ ಕುಟುಂಬದ ಕಷ್ಟದ ಬಗ್ಗೆಯೋ ಪುಸ್ತಕ ಕೇಳಿದ ಸಂಗತಿ ನಿಮ್ಮ ಬಾಯಿಂದ ಇನ್ನೊಬ್ಬರಿಗೆ ತಿಳಿಯಕೂಡದು. ಕೊಚ್ಚಿ ಅಥವಾ ಚೆನ್ನೈ ಹತ್ತಿರವಾದಾಗ ಇಡೀ ಹಡಗು ಭಾರತದ ಬಗ್ಗೆ ನಿಮ್ಮನ್ನೇ ಕೇಳತೊಡಗುತ್ತದೆ. ಜಾತಿ, ಧರ್ಮ, ಬಡತನದ ಪ್ರಶ್ನೆಗಳಿಗೆ ನಿಮ್ಮ ಅನುಭವವನ್ನು ಅನುಭವವೆಂದೇ ಹೇಳಿ, ಜೊತೆಗೆ ಭಿನ್ನ ನಿಲುವುಗಳ ಎರಡು ಮೂರು ಪುಸ್ತಕಗಳನ್ನು ಕೈಗಿಡಿ.

ಕಾಗದಪತ್ರಗಳಲ್ಲಿ ಮೊದಲನೆಯದು ಪಾಸ್‌ಪೋರ್ಟ್. ಮಾಮೂಲಿ 36 ಪುಟಗಳದ್ದಕ್ಕೆ ಬದಲಾಗಿ 60 ಪುಟಗಳದ್ದನ್ನು ಕೇಳಿ ಪಡೆಯಿರಿ. ಅಮೆರಿಕದ ವಿದ್ಯಾರ್ಥಿಗಳಿಗೆ ವೀಸಾ ಬೇಡದ ಅನೇಕ ದೇಶಗಳಿಗೆ ಭಾರತೀಯರಿಗೆ ಬೇಕು ಎಂಬುದನ್ನು ಮರೆಯಬೇಡಿ, ನಿಮ್ಮ ಪಟ್ಟಿಯನ್ನು ನೀವೇ ಮಾಡಿಕೊಳ್ಳಬೇಕು. ಯೂರೋಪಿನ ಹಲವು ದೇಶಗಳಿಗೆ ಒಟ್ಟಾಗಿ ಸಲ್ಲುವ ಷೆಂಗೆನ್ ವೀಸಾಕ್ಕೆ ಪ್ರಯಾಣದ ಆರು ತಿಂಗಳು ಮುಂಚಿನಿಂದ ಅರ್ಜಿ ಹಾಕಬಹುದು, ನಾವಿಕರಿಗೆ ಈ ಅವಧಿ ಒಂಬತ್ತು ತಿಂಗಳು. ಹಡಗಿನ ದಾಖಲೆಯಲ್ಲಿ ನಿಮ್ಮ ಹೆಸರು ಸಿಬ್ಬಂದಿಯೆಂದು ಬರುತ್ತದೆಯೋ ಪ್ರಯಾಣಿಕರೆಂದು ಬರುತ್ತದೆಯೋ ಎಂಬುದನ್ನು ಬರಹದಲ್ಲಿ ಕೇಳಿ ತಿಳಿಯಿರಿ. ಯಾವ ಬಗೆಯ ವೀಸಾ, ಯಾವ ತರಬೇತಿ ಎಂಬುದೆಲ್ಲ ಈ ಒಂದು ಉತ್ತರವನ್ನು ಅವಲಂಬಿಸಿದೆ. ಘಾನಾದಂಥ ದೇಶಗಳಿಗೆ ಹಳದಿ ಜ್ವರದ ಲಸಿಕೆಯ ಪ್ರಮಾಣಪತ್ರ ಕಡ್ಡಾಯ. ಲಸಿಕೆ ಹಾಕಿಸಿಕೊಂಡ ಹತ್ತು ದಿನಗಳ ನಂತರ ಅದು ಊರ್ಜಿತವಾಗಿ ಜೀವನಪರ್ಯಂತ ಉಳಿಯುತ್ತದೆ. ಅದಿಲ್ಲದೆ ಅಂಥ ದೇಶದಿಂದ ನೇರವಾಗಿ ಭಾರತಕ್ಕೆ ಮರಳಿದರೆ ಇಲ್ಲಿಯೂ ಪ್ರತ್ಯೇಕವಾಸದಲ್ಲಿರಿಸುತ್ತಾರೆ. ವಾಕರಿಕೆಯ ಬಗ್ಗೆ ಅತಿಯಾಗಿ ಹೆದರಬೇಡಿ. ಹಡಗಿನ ನಡುಭಾಗದ, ಕೆಳ ಅಂತಸ್ತಿನ ಕೊಠಡಿಯಲ್ಲಿ ತೂಗಾಟ ಕಡಿಮೆ, ಮಾತ್ರೆಯನ್ನು ವೈದ್ಯರ ಸಲಹೆಯಂತೆ ಹೊರಡುವ ಮೊದಲೇ ತೆಗೆದುಕೊಂಡರೆ ಗುಣ ಹೆಚ್ಚು.

ನಾವಿಕರ ತರಬೇತಿಯೆಂದು ನೀವು ಕೇಳಿರುವುದು ಎಸ್‌ಟಿಸಿಡಬ್ಲ್ಯು ಎಂಬ ಅಂತರರಾಷ್ಟ್ರೀಯ ಒಪ್ಪಂದದ ಪ್ರಕಾರ ಸಿಬ್ಬಂದಿಗೆ ಕೊಡುವ ಮೂಲ ಸುರಕ್ಷತಾ ತರಬೇತಿ: ನೀರಿನಲ್ಲಿ ಬದುಕುಳಿಯುವುದು, ಬೆಂಕಿ ಆರಿಸುವುದು, ಪ್ರಥಮ ಚಿಕಿತ್ಸೆ, ವೈಯಕ್ತಿಕ ಸುರಕ್ಷತೆ. ಸಂಸ್ಥೆ ಕೇಳಿದರೆ ಮಾತ್ರ ಇದಕ್ಕೆ ಹಣ ಕಟ್ಟಿ. ಕೇಳದಿದ್ದರೂ ಈಜು ಕಲಿತಿರುವುದು ಒಳ್ಳೆಯದು. ಏಳು ಸಣ್ಣ ಸದ್ದು, ಬಳಿಕ ಒಂದು ದೀರ್ಘ ಸದ್ದು ಕೇಳಿಸಿದರೆ ಅದು ಸಾಮಾನ್ಯ ತುರ್ತು ಸಂಕೇತ, ಕೈಯಲ್ಲಿರುವುದನ್ನು ಬಿಟ್ಟು ಜೀವರಕ್ಷಕ ಕವಚದೊಂದಿಗೆ ನಿಮ್ಮ ನಿಗದಿತ ಸ್ಥಳಕ್ಕೆ ಹೋಗಬೇಕು. ಇದರ ಕವಾಯತು ಹಡಗು ಹೊರಡುವ ಮೊದಲು ಅಥವಾ ಹೊರಟ ಕೂಡಲೇ ನಡೆಯುತ್ತದೆ.

ಅರ್ಹತೆಯ ಬಗ್ಗೆ ಎರಡು ಮಾತು. ಅಮೆರಿಕದ ಗ್ರಂಥಾಲಯ ಹುದ್ದೆಗಳಿಗೆ ಸಾಮಾನ್ಯವಾಗಿ ಅಮೆರಿಕನ್ ಲೈಬ್ರರಿ ಅಸೋಸಿಯೇಷನ್ ಮಾನ್ಯತೆಯ ಸ್ನಾತಕೋತ್ತರ ಪದವಿ ಕೇಳುತ್ತಾರೆ. ಬೇರೆ ದೇಶದ ಸಂಬಂಧಿತ ರಾಷ್ಟ್ರೀಯ ಸಂಸ್ಥೆಯ ಮನ್ನಣೆಯಿರುವ ಪದವಿಯನ್ನೂ ಆ ಸಂಘದ ನೀತಿ ಒಪ್ಪುತ್ತದೆ, ಇದನ್ನು ಅರ್ಜಿಯಲ್ಲಿ ಉಲ್ಲೇಖಿಸಿ ನಿಮ್ಮ ಅಂಕಪಟ್ಟಿಗಳ ಮೌಲ್ಯಮಾಪನ ವರದಿ ಲಗತ್ತಿಸಿ. ಹುದ್ದೆಗಳು ಬಹಳ ಕಡಿಮೆ, ಸ್ಪರ್ಧೆ ಹೆಚ್ಚು, ಅಲ್ಲಿನ ವಿಶ್ವವಿದ್ಯಾಲಯಗಳೊಡನೆ ನಂಟಿರುವವರಿಗೆ ಅನುಕೂಲ ಜಾಸ್ತಿ ಎಂಬುದನ್ನೂ ಮುಚ್ಚಿಡದೆ ಹೇಳಬೇಕು. ಹಡಗಿನ ಕೆಲಸ ಕೊಡಿಸುತ್ತೇವೆಂದು ಲಕ್ಷಗಟ್ಟಲೆ ಕೇಳುವ ಏಜೆಂಟರ ಹತ್ತಿರ ಸುಳಿಯಬೇಡಿ. ನಾವಿಕ ಹುದ್ದೆಗಳಿಗೆ ಸಿಬ್ಬಂದಿ ಒದಗಿಸುವ ಸಂಸ್ಥೆಗಳಿಗೆ ಕೇಂದ್ರ ಸರ್ಕಾರದ ಹಡಗು ಮಹಾನಿರ್ದೇಶನಾಲಯವಾದ ಡಿಜಿ ಶಿಪ್ಪಿಂಗ್‌ನ ಆರ್‌ಪಿಎಸ್‌ಎಲ್ (ನಾವಿಕರ ನೇಮಕಾತಿ ಸೇವೆಯ) ಪರವಾನಗಿ ಇರಬೇಕು, ಕೆಲಸ ಕೊಡಿಸಿದ್ದಕ್ಕೆ ನಾವಿಕರಿಂದ ಶುಲ್ಕ ಪಡೆಯುವುದನ್ನು 2006ರ ಅಂತರರಾಷ್ಟ್ರೀಯ ಕಡಲ ಕಾರ್ಮಿಕ ಒಪ್ಪಂದ ನಿಷೇಧಿಸಿದೆ.

ಕೊನೆಯದಾಗಿ, ಈಗಿನ ಕೆಲಸವನ್ನು ಬಿಡಬೇಡಿ. ಇದು ಒಂದು ಸೆಮಿಸ್ಟರಿನ ನೇಮಕ, ಮುಂದಿನ ಯಾನಕ್ಕೆ ನಿಮ್ಮನ್ನೇ ಕರೆಯುತ್ತಾರೆಂಬ ಭರವಸೆ ಇಟ್ಟುಕೊಳ್ಳುವಂತಿಲ್ಲ. ನಿಮ್ಮ ಆಡಳಿತ ಮಂಡಳಿಗೆ ವೇತನರಹಿತ ರಜೆಗಾಗಿ ಲಿಖಿತ ಮನವಿ ಕೊಡಿ. ತಯಾರಿ, ಯಾನ, ಮರಳುವಿಕೆ ಎಲ್ಲ ಸೇರಿ ಐದು ತಿಂಗಳು ಕೇಳಿದರೆ ಸಾಕಾಗುತ್ತದೆ. ಸೇವೆಯಲ್ಲಿ ತಡೆ ಎಂದು ಪರಿಗಣಿಸುವುದಿಲ್ಲ ಎಂಬ ವಾಕ್ಯ ಮಂಜೂರಾತಿ ಪತ್ರದಲ್ಲಿರಲಿ. ನೀವಿಲ್ಲದ ಅವಧಿಯಲ್ಲಿ ಲೈಬ್ರರಿ ನೋಡಿಕೊಳ್ಳುವವರನ್ನು ನೀವೇ ಸೂಚಿಸಿ, ಅವರಿಗೆ ಕೊಹಾ ಕಲಿಸಿಕೊಡುವುದಾಗಿ ಮನವಿಯಲ್ಲೇ ಬರೆಯಿರಿ. ಆ ಮಂಜೂರಾತಿ ಕೈಗೆ ಬರುವವರೆಗೆ ವೀಸಾ ಶುಲ್ಕ ಕಟ್ಟಬೇಡಿ.